ಟೈ ಕಟ್ಟಿದವರು ಒಳಗೆ ಬರಬಹುದು

ನಮ್ಮ ಸಾಂತಾ ರೀತಾದಲ್ಲಿ ಡಾಕ್ಟರ್ ಆಗುವುದಕ್ಕೆ ಓದಬೇಕಾಗಿಲ್ಲ, ಒಂದು ಟೈ ಸಾಕು. ಟೈ ಕಟ್ಟಿದವನು ವಕೀಲನಾಗಿರಲಿ, ವಿಮೆ ಏಜೆಂಟನಾಗಿರಲಿ, ಶವಪೆಟ್ಟಿಗೆ ಮಾರುವವನಾಗಿರಲಿ, ಊರು ಅವನನ್ನು ಡಾಕ್ಟರ್ ಎಂದೇ ಕರೆಯುತ್ತದೆ. ನಿಜವಾದ ವೈದ್ಯರು ನಾನು ಹೇಳುತ್ತಿರುವ ಕಾಲಕ್ಕೆ ಊರಿನಲ್ಲಿ ಒಬ್ಬರೇ ಇದ್ದರು. ಅವರಿಗೆ ಟೈ ಕಟ್ಟುವ ಅಭ್ಯಾಸವಿರಲಿಲ್ಲ. ಆದ್ದರಿಂದ ಅವರು ಸಾಯುವವರೆಗೂ ಬರೀ ದೋನ್ ಪಾಚೊ ಆಗಿಯೇ ಉಳಿದರು. ಕೊಲಂಬಿಯಾದ ಈ ಎತ್ತರದ ಚಳಿಸೀಮೆಯಲ್ಲಿ ಮರ್ಯಾದೆಯನ್ನು ನಾವು ಕಂಬಳಿಯ ಹಾಗೆ ಧಾರಾಳವಾಗಿ ಹೊದಿಸುತ್ತೇವೆ. ಬೇಡವೆಂದವರನ್ನು ನಾನು ಕಂಡಿಲ್ಲ.

ಬೆಲಾರ್ಮಿನೊ ತಿಬಾದುಯಿಸಾ ಅಂತೂ ಬೇಡವೆನ್ನುವ ಪೈಕಿಯವನೇ ಅಲ್ಲ. ಅವನು ಚೌಕದಲ್ಲಿದ್ದ ನ್ಯಾಯಾಲಯದ ಬಾಗಿಲು ಕಾಯುವವನು. ನನ್ನ ಟೋಪಿ ಅಂಗಡಿ ಎದುರು ಸಾಲಿನಲ್ಲೇ ಇದ್ದುದರಿಂದ ಅವನ ಉದಯಾಸ್ತಗಳನ್ನು ದಿನವೂ ನೋಡುವ ಭಾಗ್ಯ ನನ್ನದಾಗಿತ್ತು. ಮೇಲಿನ ಗುಡ್ಡದ ಆಲೂಗಡ್ಡೆ ಬೆಳೆಯುವ ಹಳ್ಳಿಯಿಂದ ಉಣ್ಣೆಯ ರುವಾನಾ ಹೊದ್ದು ಬಂದ ಹುಡುಗ, ಆ ಕಟ್ಟಡ ಕಟ್ಟುವಾಗ ಕಲ್ಲು ಹೊತ್ತವನು. ಕಟ್ಟಡ ಮುಗಿದು ಗುತ್ತಿಗೆದಾರ ಹೊರಟ, ಇವನು ಹೊರಡಲಿಲ್ಲ. ಬಾಗಿಲ ಬಳಿ ನಿಂತೇ ಇದ್ದ. ಯಾರೋ ಜಡ್ಜ್ ಸಾಹೇಬರು ಒಂದು ಸಂಜೆ ಕೊಡೆ ಹಿಡಿದುಕೊ ಎಂದರಂತೆ, ಹಿಡಿದುಕೊಂಡ. ಅಲ್ಲಿಂದ ಮುಂದೆ ಅವನದು ಸರ್ಕಾರಿ ನೌಕರಿ.

ನೌಕರಿ ಸಿಕ್ಕ ಮೇಲೆ ಟೈ ಬಂತು. ಟೈ ಬಂದ ಮೇಲೆ ಊರು ಡಾಕ್ಟರ್ ಎಂದಿತು. ಡಾಕ್ಟರ್ ಎನಿಸಿಕೊಂಡ ಮೇಲೆ ನಡಿಗೆ ಬದಲಾಯಿತು: ಬಲಗೈ ಬೆನ್ನಹಿಂದೆ, ಗದ್ದ ಮುಂದೆ, ಕಂಕುಳಲ್ಲಿ ಕಾಣದ ತೀರ್ಪೊಂದನ್ನು ಇಟ್ಟುಕೊಂಡವನ ಹಾಗೆ. ಬಾಗಿಲಲ್ಲಿ ಅವನು ನಡೆಸುತ್ತಿದ್ದ ಕಾನೂನು ಸರಳವಾಗಿತ್ತು. ಟೈ ಕಟ್ಟಿದವರು ಬಂದರೆ ಸೊಂಟ ಬಾಗಿಸಿ, “ದಯಮಾಡಿಸಿ ಡಾಕ್ಟರ್.” ರುವಾನಾ ಹೊದ್ದವರು ಬಂದರೆ ಕೈ ಅಡ್ಡ. “ಏನದು ಚೀಲದಲ್ಲಿ? ಕೋಳಿನಾ? ಕೋಳಿಗೂ ಕೇಸಿದೆಯೇನಯ್ಯ?” ತಾನೇ ಹೊದ್ದು ಬಂದಿದ್ದ ಬಟ್ಟೆಯನ್ನು ಅವನಷ್ಟು ಅನುಮಾನದಿಂದ ನೋಡುತ್ತಿದ್ದವರು ಊರಲ್ಲಿ ಬೇರೆ ಇರಲಿಲ್ಲ.

ಅವನನ್ನು ಡಾಕ್ಟರ್ ಎನ್ನದ ಪ್ರಾಣಿ ಊರಲ್ಲಿ ಒಂದೇ: ಅವನ ಹೆಂಡತಿ ಎತೆಲ್ವಿನಾ. ಸಂತೆ ಕಟ್ಟಡದಲ್ಲಿ ಗೋಧಿನುಚ್ಚಿನ ಗಂಜಿ ಮಾರುವ ಹೆಂಗಸು. ದಪ್ಪ ತೋಳು, ಅದಕ್ಕಿಂತ ದಪ್ಪ ದನಿ. ಮಧ್ಯಾಹ್ನ ಅವಳು ಚೌಕ ದಾಟಿ ಊಟ ತಂದಾಗ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದಳು.

“ರೀ ತಿಬಾದುಯಿಸಾ! ಬಾಗಿಲು ಓಡಿಹೋಗಲ್ಲ, ಬಂದು ಉಣ್ಣಿ!”

“ಸ್ವಲ್ಪ ಮೆಲ್ಲಗೆ ಎತೆಲ್ವಿನಾ. ಒಳಗೆ ವಿಚಾರಣೆ ನಡೀತಿದೆ.”

“ನಿಮ್ಮ ವಿಚಾರಣೆನಾ?”

“ನಾನು ಈ ಸಂಸ್ಥೆಗೆ ಸೇರಿದವನು.”

“ಬಾಗಿಲ ಚಿಲಕಾನೂ ಸಂಸ್ಥೆಗೆ ಸೇರಿದ್ದೇ. ಅದು ಟೈ ಕಟ್ಟಿದೆಯಾ?”

ಚೌಕವೆಲ್ಲ ನಗುತ್ತಿತ್ತು. ಅವನೂ ಕೊನೆಗೆ ಮೀಸೆಯೊಳಗೇ ನಗುತ್ತಿದ್ದ, ಯಾರೂ ನೋಡದಂತೆ.

ಆ ವರ್ಷಗಳಲ್ಲಿ ನಮ್ಮ ಕಡೆ ಮಾಯಗಾರರು ಹೆಚ್ಚಾಗಿದ್ದರು. ಕೊಕೇನು ಸಾಗಿಸುವವರಿಗೆ ನಾವಿಟ್ಟ ಹೆಸರು ಅದು. ನಿನ್ನೆ ಹೇಸರಗತ್ತೆ ಹೊಡೆಯುತ್ತಿದ್ದವನು ಇವತ್ತು ಹೆಲಿಕಾಪ್ಟರಿನಿಂದ ಇಳಿದರೆ ಇನ್ನೇನೆಂದು ಕರೆಯುವುದು? ಅವರಲ್ಲಿ ದೊಡ್ಡವನೊಬ್ಬ ಸಿಕ್ಕಿಬಿದ್ದು, ಅವನ ಮೊಕದ್ದಮೆ ನಮ್ಮ ನ್ಯಾಯಾಲಯಕ್ಕೆ ಬಂದಿತ್ತು. ಜಡ್ಜ್ ಉರ್ದನೆತಾ ಅದನ್ನು ವಿಚಾರಿಸುತ್ತಿದ್ದರು. ಅವನನ್ನು ಗ್ರಿಂಗೋಗಳ, ಅಂದರೆ ಅಮೆರಿಕದವರ, ದೇಶದ ಜೈಲಿಗೆ ಕಳಿಸುವ ಆದೇಶಕ್ಕೆ ಅವರು ಇಂದೋ ನಾಳೆಯೋ ಸಹಿ ಹಾಕುತ್ತಾರೆಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಜಡ್ಜ್ ಸಾಹೇಬರಿಗೆ ದುಡ್ಡು ಬೇಕಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅಂಥವರ ಹತ್ತಿರ ಕೆಲಸ ಮಾಡಿಸಿಕೊಳ್ಳುವುದು ಮಾಯಗಾರರಿಗೂ ಕಷ್ಟವೇ.

ಮಾಯಗಾರರ ವಕೀಲ ಲೊಂಡೋನ್ಯೊ ಎಂಬಾತ ಗುಡ್ಡದ ಕೆಳಗಿನ ಬಿಸಿಸೀಮೆಯ ಕಡೆಯವನು. ನಗುಮುಖ, ಸುಗಂಧ, ಬಾಯ್ತುಂಬ ಮಾತು. ಬೆಲಾರ್ಮಿನೊವನ್ನು “ಡಾಕ್ಟರ್” ಎಂದು ಕರೆದ ಮೊಟ್ಟಮೊದಲ ನಿಜವಾದ ವಕೀಲ ಅವನೇ. ಹೊರಗಿನವರು ತಮಾಷೆಗೆ ಅಂದಂತಲ್ಲ, ಸಮಾನರ ನಡುವೆ ಅಂದಂತೆ. ಒಂದು ಕ್ರಿಸ್ಮಸ್ಸಿಗೆ ಅವನು ಬೆಲಾರ್ಮಿನೊಗೆ ಒಂದು ರೇಷ್ಮೆ ಟೈ ಕೊಟ್ಟಿದ್ದ: ಕೆಂಪು ನೆಲ, ಅಡ್ಡಡ್ಡ ಚಿನ್ನದ ಪಟ್ಟೆ. ಬೆಲಾರ್ಮಿನೊ ಅದನ್ನು ತಂದು ನನ್ನ ಅಂಗಡಿಯ ಕನ್ನಡಿಯೆದುರು ಹಿಡಿದು ನಿಂತ.

“ಇಟಲಿಯದು,” ಎಂದ.

“ಇದನ್ನ ನಿಮಗ್ಯಾಕೆ ಕೊಟ್ಟ?” ಎಂದೆ.

“ದೊಡ್ಡವರು ದೊಡ್ಡವರಿಗೆ ಕೊಡೋದು ಸಹಜ, ನೆರೆಯವರೇ.”

ಮುಂದೆ ಅವನ ಕುತ್ತಿಗೆಗೆ ಬೇರೆ ಟೈ ಬೀಳಲಿಲ್ಲ. ಗಂಟು ಹಾಕುವುದು ಅವನಿಗೆ ಬರುತ್ತಿರಲಿಲ್ಲ. ಎತೆಲ್ವಿನಾ ಒಮ್ಮೆ ಹಾಕಿಕೊಟ್ಟ ಗಂಟನ್ನೇ ಸಡಿಲಿಸಿ ತಲೆಯ ಮೇಲಿಂದ ತೆಗೆದು, ಬೆಳಿಗ್ಗೆ ಮತ್ತೆ ತಲೆಯ ಮೇಲಿಂದ ಹಾಕಿಕೊಳ್ಳುತ್ತಿದ್ದ. ಹಗ್ಗ ಹಾಕಿದ ಹೋರಿ ಎಂದು ಅವಳು ನಗುತ್ತಿದ್ದಳು.

ಮರುವರ್ಷ ನವೆಂಬರಿನ ಒಂದು ಬೆಳಿಗ್ಗೆ ನಾನು ಅಂಗಡಿಯ ಮುಂದೆ ಒಂದು ಟೋಪಿಗೆ ಹಬೆ ಹಿಡಿಯುತ್ತಿದ್ದೆ. ಎರಡು ಕಾರು, ಒಂದು ವ್ಯಾನು ಬಂದು ನಿಂತವು. ಒಳಗಿನಿಂದ ಸೂಟು ಹಾಕಿದ ಒಂದು ಹಿಂಡು ಇಳಿಯಿತು, ಗಂಡಸರು ಹೆಚ್ಚು, ಹೆಂಗಸರು ಕೆಲವರು, ಕೈಯಲ್ಲಿ ಚರ್ಮದ ದೊಡ್ಡ ಪೆಟ್ಟಿಗೆಗಳು. ಬಾಗಿಲಲ್ಲಿ ಬೆಲಾರ್ಮಿನೊ ಒಬ್ಬ ಮುದುಕ ರೈತನನ್ನು ತಡೆದು ನಿಲ್ಲಿಸಿ ಅವನ ಚೀಲದ ಆಲೂಗಡ್ಡೆಗಳನ್ನು ಒಂದೊಂದಾಗಿ ಹೊರಗೆ ತೆಗೆಸುತ್ತಿದ್ದ. ಸೂಟುಗಳು ಮೆಟ್ಟಿಲೇರುವುದನ್ನು ಕಂಡದ್ದೇ ಮುದುಕನನ್ನು ಪಕ್ಕಕ್ಕೆ ನೂಕಿದ.

“ಸರಿಯಯ್ಯ, ಡಾಕ್ಟರುಗಳಿಗೆ ದಾರಿ ಬಿಡು! ದಯಮಾಡಿಸಿ ಡಾಕ್ಟರ್. ದಯಮಾಡಿಸಿ. ಡಾಕ್ಟರಮ್ಮಾ, ಮೆಟ್ಟಿಲು ಒದ್ದೆಯಿದೆ, ಹುಷಾರು.”

ಒಬ್ಬೊಬ್ಬರಿಗೂ ಒಂದೊಂದು ಬಾಗು. ಪೆಟ್ಟಿಗೆಯಲ್ಲೇನಿದೆ ಎಂದು ಕೇಳಲಿಲ್ಲ. ಟೈ ಕಟ್ಟಿದವರ ಪೆಟ್ಟಿಗೆಯನ್ನು ನಮ್ಮ ಊರಲ್ಲಿ ಯಾರೂ ಕೇಳುವುದಿಲ್ಲ, ನಾನಾದರೂ ಕೇಳುತ್ತಿರಲಿಲ್ಲ. ಮುದುಕ ತನ್ನ ಆಲೂಗಡ್ಡೆಗಳನ್ನು ಆರಿಸಿಕೊಳ್ಳುತ್ತಿರುವಾಗಲೇ ಒಳಗಿನಿಂದ ಗುಂಡಿನ ಸದ್ದು ಬಂತು. ಬಾಗಿಲು ಧಡಾರನೆ ಮುಚ್ಚಿತು. ಮುದುಕ ಹೊರಗುಳಿದ. ಬೆಲಾರ್ಮಿನೊ ಒಳಗುಳಿದ.

ಬಂದವರು ಗುಡ್ಡದ ಗೆರಿಲ್ಲಾಗಳು. ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಿಂದ ಧ್ವನಿವರ್ಧಕ ಮಾತಾಡತೊಡಗಿತು. ಜನತೆಯ ಹೆಸರಿನಲ್ಲಿ ನ್ಯಾಯಾಲಯವನ್ನು ವಶಪಡಿಸಿಕೊಳ್ಳಲಾಗಿದೆ, ದೇಶದ ಅಧ್ಯಕ್ಷರ ಮೇಲೆಯೇ ಇಲ್ಲಿ ವಿಚಾರಣೆ ನಡೆಯಲಿದೆ, ಜನತೆ ಬೆಂಬಲಿಸಬೇಕು ಎಂದಿತು. ಜನತೆ ಎಂದರೆ ಆ ಹೊತ್ತಿಗೆ ಚೌಕದಲ್ಲಿದ್ದವರು: ನಾನು, ಮೊಟ್ಟೆ ಮಾರುವ ಪೌಲಿನಾ, ಲಾಟರಿ ಚೀಟಿ ಮಾರುವವರು. ನಾವು ನನ್ನ ಅಂಗಡಿಯ ಮೇಜಿನಡಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬೆಂಬಲಿಸಿದೆವು.

ಎತೆಲ್ವಿನಾ ಸಂತೆಯಿಂದ ಓಡಿಬಂದಳು, ಕೈಯಲ್ಲಿ ಸೌಟು ಹಾಗೇ ಇತ್ತು. ನೇರ ಮೆಟ್ಟಿಲ ಕಡೆಗೇ ನುಗ್ಗಿದವಳನ್ನು ಇಬ್ಬರು ಪೊಲೀಸರು ಎಳೆದು ತಂದು ನನ್ನ ಅಂಗಡಿಗೆ ದಬ್ಬಿದರು.

“ನಮ್ಮನೆಯವರು ಟೈ ಕಟ್ಕೊಂಡಿದಾರೆ ನೆರೆಯವರೇ,” ಎಂದಳು. “ಜಡ್ಜ್ ಅಂದ್ಕೊಂಡು ಕೊಂದುಬಿಡ್ತಾರೆ.”

“ಅವರೇ ಹೇಳ್ತಾರಲ್ಲ, ನಾನು ಬಾಗಿಲು ಕಾಯೋನು ಅಂತ.”

“ಅವರ ಬಾಯಲ್ಲಿ ಆ ಮಾತು ಬರುತ್ತಾ? ನೀವೇ ಹೇಳಿ. ಬರುತ್ತಾ?”

ಬರಲಾರದು ಎಂದೇ ನಾನೂ ಅಂದುಕೊಂಡೆ.

ಬಂತು, ಆ ಮಾತು ಬಂತು. ಅದನ್ನು ಆಮೇಲೆ ಹೇಳಿದವಳು ರೊಸಲ್ಬಾ, ನ್ಯಾಯಾಲಯದ ಬೆರಳಚ್ಚುಗಾರ್ತಿ. ಅವಳು ಆ ಹೊತ್ತು ಒಳಗಿದ್ದಳು, ಜೀವಸಹಿತ ಹೊರಬಂದಳು. ಗೆರಿಲ್ಲಾಗಳು ಎಲ್ಲರನ್ನೂ ಮಹಡಿಯ ಮೊಗಸಾಲೆಯಲ್ಲಿ ಕೂರಿಸಿ ಡಾಕ್ಟರುಗಳು ಒಂದು ಕಡೆ, ಕೆಲಸದವರು ಒಂದು ಕಡೆ ಎಂದು ಬೇರೆ ಮಾಡಿದರಂತೆ. ಗಡ್ಡದವನೊಬ್ಬ ಬೆಲಾರ್ಮಿನೊವನ್ನು ಡಾಕ್ಟರುಗಳ ಕಡೆಗೆ ತಳ್ಳಿದ. ಬೆಲಾರ್ಮಿನೊ ಒಂದು ಕ್ಷಣ ಅಲ್ಲೇ ನಿಂತ. ಜಡ್ಜುಗಳ ನಡುವೆ ನಿಲ್ಲುವ ಅವಕಾಶ ಅವನಿಗೆ ಜೀವಮಾನದಲ್ಲಿ ಅದೊಂದೇ ಸಲ ಸಿಕ್ಕಿದ್ದು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ, “ನಾನು ಡಾಕ್ಟರ್ ಅಲ್ಲ ಸ್ವಾಮಿ. ಬಾಗಿಲು ಕಾಯೋನು.”

“ಹಂಗಾದ್ರೆ ಈ ಟೈ?”

“ಉಡುಗೊರೆ.”

ಗಡ್ಡದವನು ತನ್ನ ಕುತ್ತಿಗೆಯದನ್ನು ಎಳೆದು ತೋರಿಸಿ ನಕ್ಕನಂತೆ. ಕೆಂಪು ನೆಲ, ಚಿನ್ನದ ಪಟ್ಟೆ. “ನಿಂಗೂ ಕೊಟ್ರಾ? ನಮಗೆ ಮೊನ್ನೆ ಒಂದು ಪೆಟ್ಟಿಗೆ ಪೂರ್ತಿ ಬಂತು, ಸೂಟಿನ ಜೊತೆಗೇ. ಥೂ, ಕುತ್ತಿಗೆಯೆಲ್ಲಾ ಕೆರೀತದೆ ಮಾರಾಯ. ಇದನ್ನ ಕಟ್ಕೊಂಡು ನೀವು ದಿನಾ ಹೆಂಗೆ ಬದುಕ್ತೀರಿ?”

ಅವನ ಮುಂದಾಳು ಅವನಿಗೆ ಬಾಯಿ ಮುಚ್ಚು ಎಂದು ಗದರಿದ. ಆದರೆ ರೊಸಲ್ಬಾ ಕೇಳಿಸಿಕೊಂಡಿದ್ದಳು, ಬೆಲಾರ್ಮಿನೊನೂ ಕೇಳಿಸಿಕೊಂಡಿದ್ದ. ಜನತೆಯ ಬಗ್ಗೆ ಧ್ವನಿವರ್ಧಕ ಇನ್ನೂ ಮಾತಾಡುತ್ತಿರುವಾಗಲೇ ಅವರಲ್ಲಿ ಇಬ್ಬರು ಯಾರನ್ನೂ ದಾರಿ ಕೇಳದೆ ಜಡ್ಜ್ ಉರ್ದನೆತಾರ ಕೊಠಡಿಗೆ ಹೋದರು. ಎರಡು ಗುಂಡು. ಆಮೇಲೆ ಹೊಗೆ. ಮಾಯಗಾರನ ಮೊಕದ್ದಮೆಯ ಕಾಗದವೆಲ್ಲ ಆ ಕೊಠಡಿಯಲ್ಲೇ ಇತ್ತು. ಜನತೆಯ ಕ್ರಾಂತಿ ಅಲ್ಲಿಂದಲೇ ಯಾಕೆ ಶುರುವಾಯಿತೆಂದು ಕೇಳುವ ಧೈರ್ಯ ಮೊಗಸಾಲೆಯಲ್ಲಿ ಯಾರಿಗೂ ಇರಲಿಲ್ಲ. ಗಡ್ಡದವನಿಗೂ ಗೊತ್ತಿದ್ದಂತೆ ಕಾಣಲಿಲ್ಲ ಎಂದಳು ರೊಸಲ್ಬಾ. ಅವನು ಹೊಗೆ ನೋಡಿ, “ಇದು ನಮ್ಮ ಯೋಜನೇಲಿ ಇರ್ಲಿಲ್ವಲ್ಲ?” ಎಂದು ಪಕ್ಕದವನನ್ನು ಕೇಳಿದನಂತೆ.

“ನಾನೇ ಬಾಗಿಲು ತೆಗೆದೆ ರೊಸಲ್ಬಾ,” ಎಂದ ಬೆಲಾರ್ಮಿನೊ. ಅದೊಂದನ್ನೇ ಮತ್ತೆಮತ್ತೆ ಅಂದನಂತೆ. “ಬಗ್ಗಿ ಬಗ್ಗಿ ಒಳಗೆ ಕರೆದೆ. ಆ ಮುದುಕನ ಆಲೂಗಡ್ಡೆ ಹುಡುಕ್ತಾ ನಿಂತಿದ್ದೆ.”

ಆಮೇಲೆ ಸೈನ್ಯ ಬಂತು. ಒಳಗೆ ಜಡ್ಜುಗಳಿದ್ದಾರೆ, ಬೆರಳಚ್ಚುಗಾರ್ತಿಯರಿದ್ದಾರೆ, ಚಹಾ ಕಾಫಿ ಕೊಡುವವರಿದ್ದಾರೆ ಎಂಬುದು ಸೈನ್ಯಕ್ಕೆ ತಿಳಿಯದ ಸಂಗತಿಯೇನಲ್ಲ. ಆದರೂ ಫಿರಂಗಿ ತಂದರು. ಸಂಸ್ಥೆಗಳನ್ನು ಕಾಪಾಡುತ್ತಿದ್ದೇವೆ ಎಂದು ಕರ್ನಲ್ ಸಾಹೇಬರು ರೇಡಿಯೊದಲ್ಲಿ ಹೇಳಿದರು. ಬೆಲಾರ್ಮಿನೊ ಹೊತ್ತಿದ್ದ ಕಲ್ಲುಗಳು ಒಂದೊಂದಾಗಿ ಚೌಕಕ್ಕೆ ಬಂದು ಬೀಳುತ್ತಿದ್ದವು. ಎತೆಲ್ವಿನಾ ನನ್ನ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕುಳಿತು ಪ್ರತಿ ಸದ್ದಿಗೂ ಒಂದೇ ಮಾತು ಹೇಳುತ್ತಿದ್ದಳು: “ಬದುಕಿದಾರೆ.” ಮತ್ತೊಂದು ಸದ್ದು. “ಬದುಕಿದಾರೆ.” ತೀರ್ಪು ಓದುವವರ ಹಾಗೆ ಗಟ್ಟಿಯಾಗಿ. ಅದನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸುವ ಧೈರ್ಯ ಸೈನ್ಯಕ್ಕೂ ಇರಲಾರದು ಎನಿಸುತ್ತಿತ್ತು.

ಮರುದಿನ ಮಧ್ಯಾಹ್ನ ಎಲ್ಲ ಮುಗಿಯಿತು. ಬದುಕುಳಿದವರನ್ನು ಸೈನಿಕರು ಸಾಲಾಗಿ ಚೌಕ ದಾಟಿಸಿ ಪಾದ್ರಿಗಳು ಓದುವ ಸೆಮಿನರಿಯ ಅಂಗಳಕ್ಕೆ ಕರೆತಂದರು. ನಾವೆಲ್ಲ ಸೈನಿಕರು ಅಡ್ಡ ಕಟ್ಟಿದ ಹಗ್ಗದ ಈಚೆ ಕುತ್ತಿಗೆ ಉದ್ದ ಮಾಡಿ ನಿಂತೆವು. ಅಂಗಳದಲ್ಲಿ ಮತ್ತೆ ಬೇರೆ ಮಾಡುವ ಕೆಲಸ ನಡೆದಿತ್ತು. ಈಗ ಮಾಡುತ್ತಿದ್ದವರು ಬೇರೆ, ಅಷ್ಟೆ. ಡಾಕ್ಟರುಗಳಿಗೆ ಕಂಬಳಿ, ಬಿಸಿ ಬೆಲ್ಲದ ನೀರು, ಆಂಬುಲೆನ್ಸು. ಕೆಲಸದವರಿಗೆ ಕೈ ತಲೆಯ ಮೇಲಿಟ್ಟು ಗೋಡೆಯ ಕಡೆ ಮುಖ. ಅವರಲ್ಲಿ ಗೆರಿಲ್ಲಾಗಳು ಸೇರಿಕೊಂಡಿರಬಹುದು ಎಂದು ಸೈನ್ಯಕ್ಕೆ ಅನುಮಾನ. ಕಂಬಳಿಯೋ ಗೋಡೆಯೋ, ಅಷ್ಟನ್ನು ಎತೆಲ್ವಿನಾ ಚೆನ್ನಾಗಿ ನೋಡಿಕೊಂಡಳು.

ಬೆಲಾರ್ಮಿನೊ ಬಂದ. ಮಸಿ ಹಿಡಿದು ಮೀಸೆಯೂ ಮುಖವೂ ಒಂದೇ ಆಗಿದ್ದವು, ಒಂದು ಕಾಲಿಗೆ ಬೂಟಿಲ್ಲ. ಟೈ ಮಾತ್ರ ಕುತ್ತಿಗೆಯಲ್ಲಿ ನೆಟ್ಟಗಿತ್ತು. ತೆಗೆದುಬಿಡಿ ಡಾಕ್ಟರ್ ಎಂದು ರೊಸಲ್ಬಾ ಮೆಟ್ಟಿಲಲ್ಲಿ ಬೇಡಿಕೊಂಡಿದ್ದಳಂತೆ. “ಇಡೀ ಊರು ನೋಡ್ತಿರತ್ತಮ್ಮ,” ಎಂದಿದ್ದನಂತೆ ಅವನು. “ಬರೀ ಕುತ್ತಿಗೇಲಿ ಹೆಂಗೆ ಬರ್ಲಿ?”

ಕ್ಯಾಪ್ಟನ್ ಒಬ್ಬ ಮೇಜಿನ ಮುಂದೆ ಕುಳಿತು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದ. ಹಗ್ಗದಿಂದ ಅವನ ಮೇಜಿಗೆ ಹೆಚ್ಚು ದೂರವಿರಲಿಲ್ಲ. ಗದರಿದ್ದು ಮಾತ್ರ ಕೇಳುತ್ತಿತ್ತು, ಮೆಲ್ಲನೆಯ ಉತ್ತರ ಕೇಳುತ್ತಿರಲಿಲ್ಲ. ಬೆಲಾರ್ಮಿನೊ ಏನೋ ಹೇಳಿದ, ತಲೆ ತಗ್ಗಿಸಿ. ಕ್ಯಾಪ್ಟನ್ ಅವನ ಟೈಯನ್ನು ಪೆನ್ಸಿಲಿನ ತುದಿಯಿಂದ ಎತ್ತಿ ನೋಡಿದ. ಪಕ್ಕದ ಸೈನಿಕನ ಕಿವಿಯಲ್ಲಿ ಏನೋ ಅಂದ. ಆಮೇಲೆ ಎದ್ದು ಹಗ್ಗದ ಕಡೆ ತಿರುಗಿದ.

“ಈ ಮನುಷ್ಯ ಯಾರು ಅಂತ ಬಲ್ಲವರು ಯಾರಾದ್ರೂ ಇದೀರಾ?”

ಎತೆಲ್ವಿನಾ ನನ್ನ ತೋಳು ಬಿಟ್ಟಳು. ಕಂಬಳಿಗಳನ್ನು ನೋಡಿದಳು, ಗೋಡೆಯನ್ನು ನೋಡಿದಳು. ಸಂತೆ ನಡುಗಿಸುವ ತನ್ನ ದನಿಯಲ್ಲಿ ಕೂಗಿದಳು.

“ನಾನು ಬಲ್ಲೆ! ಅವರು ಡಾಕ್ಟರ್! ಡಾಕ್ಟರ್ ತಿಬಾದುಯಿಸಾ! ಕಾನೂನಿನ ದೊಡ್ಡ ಡಾಕ್ಟರ್ ಸ್ವಾಮಿ!”

ಇಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ಆ ಪದ ಬಂದದ್ದು ಅದೇ ಮೊದಲು. ಬೆಲಾರ್ಮಿನೊ ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಆ ಗಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಬೇರೆ ಏನೋ. ಸಂತೋಷ ಎಂದು ಹೇಳಲು ನನಗೆ ಇಂದಿಗೂ ಸಂಕೋಚ.

ಕ್ಯಾಪ್ಟನ್ ಅವಳ ಹತ್ತಿರ ಬಂದ. “ನೀವು ಇವನಿಗೇನಾಗ್ಬೇಕು?”

“ಹೆಂಡತಿ.”

“ಇವನು ನನ್ನ ಹತ್ರ ಬಾಗಿಲು ಕಾಯೋನು ಅಂದ. ನೀವು ಡಾಕ್ಟರ್ ಅಂತೀರಿ. ಒಳಗೆ ಸತ್ತುಬಿದ್ದಿರೋ ಗೆರಿಲ್ಲಾಗಳ ಕುತ್ತಿಗೇಲಿ ಇದೇ ಟೈ ಇದೆ. ಇದು ವಕೀಲ ಲೊಂಡೋನ್ಯೊ ಕೊಟ್ಟಿದ್ದು ಅಂತ ಬೇರೆ ಕಥೆ ಹೇಳ್ತಾನೆ. ಗಂಡ ಹೆಂಡ್ತಿ ಮೊದಲು ಒಂದು ಸುಳ್ಳಿಗೆ ಒಪ್ಕೊಂಡು ಬರಬಾರದಿತ್ತಾ, ಸೆನ್ಯೋರಾ?”

ಎತೆಲ್ವಿನಾ ಹಗ್ಗದ ಮೇಲೆ ಬಾಗಿದಳು. “ಅಲ್ಲ ಅಲ್ಲ ಸ್ವಾಮಿ, ಅವರು ಹೇಳಿದ್ದೇ ನಿಜ! ಬಾಗಿಲು ಕಾಯೋರೇ! ನನ್ನ ನಾಲಿಗೆ ಸುಟ್ಟುಹೋಗ! ಕಂಬಳಿ ಕೊಡ್ತೀರಿ ಅಂತ ಅಂದುಬಿಟ್ಟೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ!”

“ಅವರು ಬಾಗಿಲು ಕಾಯುವವರೇ ಕ್ಯಾಪ್ಟನ್,” ಎಂದೆ ನಾನೂ.

“ನೀವು ಯಾರು?”

“ಟೋಪಿ ಅಂಗಡಿ.”

ಕ್ಯಾಪ್ಟನ್ ನನ್ನನ್ನು ದಾಟಿ ಹಿಂದಿನವರನ್ನು ನೋಡಿದ. ಮೊಟ್ಟೆಯ ಪೌಲಿನಾ ಮುಂದೆ ಬಂದಳು. ಬೆಲಾರ್ಮಿನೊವನ್ನು ಕಂಡರೆ ಅವಳಿಗೆ ಬಹಳ ಗೌರವ. ಬೂಟಿಲ್ಲದೆ, ಮಸಿ ಬಳಿದುಕೊಂಡು, ಬಂದೂಕಿನ ಮುಂದೆ ನಿಂತ ಮನುಷ್ಯನನ್ನು ಇನ್ನೂ ಕೆಳಗಿಳಿಸುವ ಮಾತು ನಮ್ಮ ಊರಿನ ಒಳ್ಳೆಯ ಹೆಂಗಸಿನ ಬಾಯಲ್ಲಿ ಬರುವುದು ಹೇಗೆ?

“ಬಾಗಿಲು ಕಾಯೋದಾ? ಅಯ್ಯೋ, ಹಂಗೆಲ್ಲ ಅನ್ಬೇಡಿ,” ಎಂದಳು. “ಡಾಕ್ಟರ್ ಬೆಲಾರ್ಮಿನೊ ಅಂದ್ರೆ ಇಡೀ ಊರಿಗೇ ಬೇಕಾದೋರು.”

“ಪೌಲಿನಾ!” ಎಂದು ಎತೆಲ್ವಿನಾ ಚೀರಿದಳು.

“ಹೌದೌದು, ಡಾಕ್ಟರ್,” ಎಂದರು ಲಾಟರಿಯವರು, ಟೋಪಿ ತೆಗೆದು. “ಬಹಳ ಒಳ್ಳೆ ಡಾಕ್ಟರ್.” ಹಿಂದಿನಿಂದ ಮತ್ತೂ ನಾಲ್ಕು ದನಿ ಸೇರಿದವು. ಒಬ್ಬೊಬ್ಬರೂ ಅವನನ್ನು ಉಳಿಸಲು ಒಂದೊಂದು ಮೆಟ್ಟಿಲು ಮೇಲೇರಿಸುತ್ತಿದ್ದರು. ಯಾರೋ ಪುಣ್ಯಾತ್ಮ, ಜಡ್ಜ್ ಆಗಬೇಕಾಗಿದ್ದವರು ಎಂದೂ ಅಂದ.

ಎತೆಲ್ವಿನಾ ಹಗ್ಗ ಹಿಡಿದು ಎಲ್ಲರ ಕಡೆ ತಿರುಗಿದಳು. “ನಿಮ್ಮ ದಮ್ಮಯ್ಯ! ಒಬ್ಬರಾದ್ರೂ ಚಿಲಕ ಅನ್ರೋ! ಬಾಗಿಲ ಚಿಲಕ ಅನ್ರೋ!”

ಕ್ಯಾಪ್ಟನ್ನಿಗೆ ಬೇಕಾದಷ್ಟು ಸಿಕ್ಕಿತ್ತು. ಬೆಲಾರ್ಮಿನೊವನ್ನು ಜೀಪಿಗೆ ಹತ್ತಿಸಿದರು. ಒಂದೇ ಬೂಟಿನ ಕಾಲಿನಿಂದ ಹತ್ತಲು ತಡವರಿಸಿದಾಗ ಒಬ್ಬ ಸೈನಿಕ ಕೈಕೊಟ್ಟ. ಅವನಿಗೆ ಬೆಲಾರ್ಮಿನೊ ಸ್ವಲ್ಪ ಬಾಗಿ ಏನೋ ಅಂದ, ಬಹುಶಃ ಉಪಕಾರವಾಯಿತು ಎಂದೇ ಇರಬೇಕು. ಜೀಪು ಸೈನ್ಯದ ಪಾಳೆಯದ ಕಡೆಗೆ ಹೋಯಿತು. ರೊಸಲ್ಬಾಳನ್ನು ಸಂಜೆ ಬಿಟ್ಟರು. ಬಿಡುವ ಮೊದಲು, ಟೈ, ಪೆಟ್ಟಿಗೆ, ಉಡುಗೊರೆ ಎಂದೆಲ್ಲ ಮಾತಾಡದಿದ್ದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ಕಳಿಸಿದರು.

ಮಾಯಗಾರರ ಹೆಸರನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಗೆರಿಲ್ಲಾಗಳು ಬಂದರು, ಸೈನ್ಯ ಗೆದ್ದಿತು, ಸಂಸ್ಥೆ ಉಳಿಯಿತು. ಕಟ್ಟಡ, ಜಡ್ಜುಗಳು, ಮೊಕದ್ದಮೆ ಮಾತ್ರ ಉಳಿಯಲಿಲ್ಲ. ಆದರೆ ಊರಿಗೆ ಕಣ್ಣಿದೆಯಲ್ಲ. ಸೂಟು ಕೊಂಡವರು ಯಾರು, ಉರ್ದನೆತಾರ ಕೊಠಡಿ ಮೊದಲು ಉರಿದದ್ದು ಯಾಕೆ ಎಂದು ಕ್ಷೌರದಂಗಡಿಗೆ ಬರುವ ಎಲ್ಲರೂ ಬಲ್ಲವರಾಗಿದ್ದರು, ನಾಲಿಗೆಯ ತುದಿಯವರೆಗೆ.

ಆ ಟೈ ಉಡುಗೊರೆಯೆಂದು ಹೇಳಬಲ್ಲವನು ಒಬ್ಬನೇ. ಎತೆಲ್ವಿನಾ ಇದ್ದುದರಲ್ಲಿ ಒಳ್ಳೆಯ ಶಾಲು ಹೊದ್ದು ಲೊಂಡೋನ್ಯೊನ ಕಚೇರಿಗೆ ಹೊರಟಳು. ಜೊತೆಗೆ ನನ್ನನ್ನೂ ಎಳೆದುಕೊಂಡಳು. ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ. ನಗುಮುಖದ ವಕೀಲ ತಾನೇ ಎದ್ದು ಬಂದು ಅವಳ ಕೈ ಹಿಡಿದು ಕೂರಿಸಿದ.

“ಪಾಪ, ಡಾಕ್ಟರ್ ಬೆಲಾರ್ಮಿನೊ! ಕೇಳಿ ನಿದ್ದೆನೇ ಬರ್ಲಿಲ್ಲ ದೋನ್ಯಾ ಎತೆಲ್ವಿನಾ. ಕಾಫಿ ತರಿಸ್ಲಾ?”

“ಕಾಫಿ ಬೇಡ ಸ್ವಾಮಿ. ಆ ಟೈ ಕೊಟ್ಟದ್ದು ನೀವು ಅಂತ ಕ್ಯಾಪ್ಟನ್ ಹತ್ರ ಒಂದು ಮಾತು ಹೇಳಿ.”

“ಯಾವ ಟೈ?”

“ಕ್ರಿಸ್ಮಸ್ಸಿಗೆ ಕೊಟ್ರಲ್ಲ. ಕೆಂಪು. ಚಿನ್ನದ ಪಟ್ಟೆ.”

ಲೊಂಡೋನ್ಯೊ ಯೋಚಿಸುವವನ ಹಾಗೆ ಮೇಲೆ ನೋಡಿದ. ಸ್ವತಃ ಅವನ ಕುತ್ತಿಗೆಯಲ್ಲಿ ಆವತ್ತು ನೀಲಿ ಟೈ ಇತ್ತು. “ನಾನು ಕ್ರಿಸ್ಮಸ್ಸಿಗೆ ಎಲ್ಲರಿಗೂ ಬಿಸ್ಕತ್ ಡಬ್ಬ ಕೊಡೋದು, ಅಮ್ಮ.”

“ನಮ್ಮನೇಗೆ ಬಿಸ್ಕತ್ ಬಂದಿಲ್ಲ.”

“ಬಂದಿಲ್ವಾ? ಛೆ! ಈಗ್ಲೇ ಕಳಿಸ್ತೀನಿ.”

ಎತೆಲ್ವಿನಾ ಕುರ್ಚಿಯಿಂದ ಇಳಿದು ನೆಲದ ಮೇಲೆ ಮಂಡಿಯೂರಿದಳು. ಸಂತೆಯಲ್ಲಿ ಪೊಲೀಸರ ಮುಂದೆಯೂ ಸೌಟು ಎತ್ತುವ ಹೆಂಗಸು. “ನಿಮ್ಮ ವ್ಯವಹಾರ ನಂಗೆ ಬೇಡ. ಯಾರು ಯಾರಿಗೆ ಏನು ಕೊಂಡುಕೊಟ್ರೋ ಬೇಡ. ಅವರಿಗೆ ಟೈ ಕಟ್ಟೋಕೂ ಬರಲ್ಲ ಸ್ವಾಮಿ, ಗಂಟು ಹಾಕಿದ್ದು ನಾನು. ಒಂದೇ ಮಾತು.”

ವಕೀಲ ಅವಳನ್ನು ಎಬ್ಬಿಸಿದ, ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಇಂಥ ಕಾಲದಲ್ಲಿ ಮಾತಾಡದಿರುವುದೇ ಮಾನವೀಯತೆ ಎಂದ. ನನ್ನ ಕಡೆ ತಿರುಗಿ, “ನಿಮ್ಮದು ಟೋಪಿ ಅಂಗಡಿಯಲ್ವೇ ಡಾಕ್ಟರ್? ಚೌಕದ ಮೂಲೇಲಿ. ಮರದ ಅಟ್ಟ. ಬೆಂಕಿ ಗಿಂಕಿ ಹುಷಾರು,” ಎಂದ, ನಗುತ್ತಲೇ. ಬಾಗಿಲವರೆಗೂ ಬಂದು ಬೀಳ್ಕೊಟ್ಟ. ನಾವು ಸಂತೆ ತಲುಪುವ ಮೊದಲೇ ಬಿಸ್ಕತ್ ಡಬ್ಬ ಬಂದಿತ್ತು. ಎತೆಲ್ವಿನಾ ಅದನ್ನು ಬೀದಿನಾಯಿಗಳಿಗೆ ಸುರಿದಳು.

ಉಳಿದದ್ದು ಸೈನ್ಯದ ಪಾಳೆಯದ ಗೇಟು. ಅಲ್ಲಿ ಹೆಂಗಸರ ಒಂದು ಸಾಲು ನಿಂತಿರುತ್ತಿತ್ತು. ಕಾವಲಿನವನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: ಅಂಥವರು ಇಲ್ಲಿಲ್ಲ. ಆದರೆ ಕೊಟ್ಟ ಊಟವನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತಿದ್ದ. ಇಲ್ಲದವರಿಗೆ ಊಟ ಹೇಗೆ ತಲುಪುತ್ತದೆ ಎಂದು ಎತೆಲ್ವಿನಾ ಕೇಳಲಿಲ್ಲ. ಗೋಧಿನುಚ್ಚಿನ ಗಂಜಿಯನ್ನು ಬಟ್ಟೆ ಸುತ್ತಿದ ತಂಬಿಗೆಯಲ್ಲಿ ಕೊಟ್ಟಳು. ಸಂಜೆ ತಂಬಿಗೆ ಹಿಂದಕ್ಕೆ ಬಂತು. ಅವಳು ಅದನ್ನು ಎದೆಗವಚಿಕೊಂಡು ಓಡೋಡಿ ನನ್ನ ಅಂಗಡಿಗೆ ತಂದಳು.

“ನೋಡಿ!” ತಂಬಿಗೆಯ ತಳದಲ್ಲಿ ಅವರೆಕಾಳುಗಳು ಉಳಿದಿದ್ದವು. “ಕಾಳು ಬಿಟ್ಟಿದಾರೆ! ಅವರೇ! ಮದುವೆಯಾದಾಗಿನಿಂದ ಗಂಜೀಲಿ ಒಂದು ಅವರೆಕಾಳು ತಿಂದೋರಲ್ಲ. ಡಾಕ್ಟರುಗಳ ಹೊಟ್ಟೆಗೆ ಆಗಲ್ವಂತೆ. ಬದುಕಿದಾರೆ ನೆರೆಯವರೇ.”

ಅಲ್ಲಿಂದ ಮುಂದೆ ಅವಳು ಬೇಕೆಂದೇ ಗಂಜಿಗೆ ಅವರೆಕಾಳು ಜಾಸ್ತಿ ಹಾಕತೊಡಗಿದಳು. ಸಂಜೆ ಅಷ್ಟೂ ಹಿಂದಕ್ಕೆ ಬರುತ್ತಿದ್ದವು, ಒಂದೊಂದಾಗಿ ಬದಿಗೆ ಸರಿಸಿಟ್ಟವು. ಅವುಗಳನ್ನು ತೊಳೆದು, ಕಾಗದದ ಮೇಲೆ ಹರಡಿ, ಗಂಡನಿಗೇ ಹೇಳಿದಂತೆ ಬೈಯುತ್ತಿದ್ದಳು: “ನಿಮಗೆ ಬಂದಿರೋ ಕೊಬ್ಬು ನೋಡಿ! ಜೈಲಲ್ಲೂ ಆರಿಸಿ ತಿನ್ನೋದು!” ಹಾಗೆ ಬೈಯುವಾಗ ಅವಳ ದನಿ ಮೊದಲಿನ ಹಾಗೇ ಇರುತ್ತಿತ್ತು. ಸಂತೆಯಲ್ಲಿ ಸೌಟು ಮತ್ತೆ ಸದ್ದು ಮಾಡತೊಡಗಿತು. ಹೊಸ ಜಡ್ಜಿಗೆ ಅರ್ಜಿ ಕೊಡಬೇಕು, ಬಿಷಪ್ಪರನ್ನು ಕಾಣಬೇಕು, ಕ್ಯಾಪ್ಟನ್ನನ ತಾಯಿ ಯಾವ ಊರಿನವಳೆಂದು ವಿಚಾರಿಸಬೇಕು ಎಂದು ದಿನಕ್ಕೊಂದು ಉಪಾಯ ಹೊಸೆಯುತ್ತಿದ್ದಳು. ನಾವೂ ಹ್ಞೂಂಗುಟ್ಟುತ್ತಿದ್ದೆವು.

ಆಮೇಲೆ ಒಂದು ಸಂಜೆ ಅವಳು ಬಂದಾಗ ನಾನು ಬಾಗಿಲು ಹಾಕುತ್ತಿದ್ದೆ. ಓಡಿ ಬಂದಿರಲಿಲ್ಲ. ತಂಬಿಗೆಯನ್ನು ಮೇಜಿನ ಮೇಲೆ ಟೋಪಿಗಳ ನಡುವೆ ಇಟ್ಟಳು. ನಾನು ಮುಚ್ಚಳ ತೆಗೆದೆ.

ಒಳಗೆ ಏನೂ ಇರಲಿಲ್ಲ. ಯಾರೋ ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ತಿಂದಿದ್ದರು. ತಳ ಫಳಫಳ ಹೊಳೆಯುತ್ತಿತ್ತು.

“ಹಸಿವಾಗಿರಬೇಕು,” ಎಂದೆ. “ಹಸಿವಾದ್ರೆ ಮನುಷ್ಯ ಎಲ್ಲಾನೂ ತಿಂತಾನೆ ಎತೆಲ್ವಿನಾ. ಅವರೆಕಾಳೂ ತಿಂತಾನೆ.”

ಅವಳು ಬೆರಳು ಹಾಕಿ ತಂಬಿಗೆಯ ತಳವನ್ನು ಸುತ್ತಲೂ ತಡವಿದಳು, ಎಲ್ಲಾದರೂ ಒಂದು ಅಂಟಿಕೊಂಡಿದೆಯೋ ಎಂದು. ಮತ್ತೆ ತಡವಿದಳು. ಆಮೇಲೆ ನೆಲದ ಮೇಲೆ ಕುಳಿತಳು, ಗೋಡೆಗೆ ಬೆನ್ನು ಕೊಟ್ಟು. “ಬದುಕಿದಾರೆ” ಎನ್ನುತ್ತಾಳೆಂದು ನಾನು ಕಾದೆ. ಆ ಮಾತು ಬರಲಿಲ್ಲ.